ಹದಿನಾಲ್ಕು ಸಾವಿರ ಕಿಲೋಮೀಟರುಗಳ ಲೆಕ್ಕ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಾಯುಮಾರ್ಗ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವಣ ದೂರವೆಷ್ಟು ಎಂಬ ಪ್ರಶ್ನೆಗೆ ಉತ್ತರ ಒಂದೇ: ಸುಮಾರು 14,000 ಕಿಲೋಮೀಟರು. ಈ ದೂರವನ್ನು ಕ್ರಮಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಮಾತ್ರ ಉತ್ತರಗಳು ಹಲವು. ಹದಿನಾರು ಗಂಟೆ ಎನ್ನುವವರುಂಟು, ಹದಿನೇಳೂವರೆ ಎನ್ನುವವರುಂಟು, ಇಪ್ಪತ್ತೆರಡು ಗಂಟೆ ಎಂದು ತಮ್ಮ ಅನುಭವವನ್ನು ಹೇಳುವವರೂ ಉಂಟು. ಇವರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ. ದೂರವು ಭೂಗೋಳಕ್ಕೆ ಸೇರಿದ ವಿಷಯ. ಕಾಲವಾದರೋ ಗಾಳಿ, ತೂಕ ಮತ್ತು ಅನುಮತಿ ಎಂಬ ಮೂರು ಸಂಗತಿಗಳಿಗೆ ಅಧೀನವಾದುದು. ನಮ್ಮ ರಾಜ್ಯದ ತಂತ್ರಾಂಶ ಸಂಸ್ಥೆಗಳಿಗೂ ರಫ್ತುದಾರರಿಗೂ ಸಿಲಿಕಾನ್ ಕಣಿವೆಯೊಡನೆ ಇರುವ ವ್ಯವಹಾರ ಸಂಬಂಧವನ್ನು ಗಮನಿಸಿದರೆ, ಈ ಮೂರರ ಲೆಕ್ಕವನ್ನು ಅರಿತಿರುವುದು ಉದ್ಯಮಿಗಳಿಗೆ ಅಗತ್ಯ. ಪ್ರಯಾಣದ ಟಿಕೆಟಿನ ಬೆಲೆಯೂ ಸರಕು ಸಾಗಣೆಯ ದರವೂ ನಿಗದಿಯಾಗುವುದು ಈ ಲೆಕ್ಕದ ಮೇಲೆಯೇ.

ದಾರವೂ ಭೂಪಟವೂ

ಕಚೇರಿಯ ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿ ದಾರಿಯನ್ನು ಊಹಿಸುವವರಿಗೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಪೂರ್ವಾಭಿಮುಖವಾಗಿ, ಆಗ್ನೇಯ ಏಷ್ಯಾ ಹಾಗೂ ಶಾಂತ ಸಾಗರಗಳ ಮೇಲೆ ಎಳೆದ ಸರಳರೇಖೆಯೇ ನೇರ ದಾರಿಯಾಗಿ ಕಾಣುತ್ತದೆ. ಆದರೆ ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಆ ರೇಖೆಯ ಮೇಲೆಯೇ ಹಾರಿದರೆ ಕ್ರಮಿಸಬೇಕಾದ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಕನಿಷ್ಠ ದೂರಕ್ಕಿಂತ ಇದು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಅಧಿಕ. ದುಂಡಗಿನ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಹರಡಿದುದರ ಫಲವಿದು. ಮಕ್ಕಳ ಓದಿನ ಕೋಣೆಯಲ್ಲಿರುವ ಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ನಿಜವಾದ ಹತ್ತಿರದ ದಾರಿ ತಾನಾಗಿ ತೋರುತ್ತದೆ. ಆ ದಾರ ಬೆಂಗಳೂರಿನಿಂದ ಪೂರ್ವಕ್ಕಾಗಲೀ ಪಶ್ಚಿಮಕ್ಕಾಗಲೀ ಹೊರಡುವುದಿಲ್ಲ. ಉತ್ತರದಿಂದ ಸುಮಾರು ಇಪ್ಪತ್ತು ಡಿಗ್ರಿಯಷ್ಟು ಮಾತ್ರ ಪೂರ್ವಕ್ಕೆ ವಾಲಿ ಹೊರಡುತ್ತದೆ. ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಗಳನ್ನು ದಾಟಿ, 71ನೇ ಉತ್ತರ ಅಕ್ಷಾಂಶದ ಬಳಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೂಲಕ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಇದನ್ನು ಮಹಾವೃತ್ತದ ಮಾರ್ಗವೆಂದು ಕರೆಯುತ್ತಾರೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಿಖರವಾಗಿ ಉತ್ತರ ಧ್ರುವ ಬಿಂದುವಿನ ಮೇಲೆಯೇ ಹಾದು ಹೋದರೂ ಒಟ್ಟು ದೂರ ಸುಮಾರು 14,360 ಕಿ.ಮೀ. ಮಾತ್ರ, ಕನಿಷ್ಠ ದೂರಕ್ಕಿಂತ ನಾನೂರು ಕಿಲೋಮೀಟರಿನಷ್ಟೂ ಹೆಚ್ಚಲ್ಲ. ಎರಡೂ ಊರುಗಳು ಗೋಳದ ಮೇಲೆ ಹೆಚ್ಚುಕಡಿಮೆ ಎದುರುಬದುರಾದ ರೇಖಾಂಶಗಳಲ್ಲಿ ಇರುವುದೇ ಇದಕ್ಕೆ ಕಾರಣ. ಆದ್ದರಿಂದ ವಿಮಾನ ಸಂಸ್ಥೆಯ ಮಾರ್ಗ ಯೋಜಕನಿಗೆ ಶಾಂತ ಸಾಗರದ ಕಡೆ, ಸೈಬೀರಿಯದ ಕಡೆ ಅಥವಾ ಧ್ರುವದ ಕಡೆ ಎಂಬ ಆಯ್ಕೆಗಳು ತೆರೆದಿರುತ್ತವೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಅವನು ದೂರವನ್ನು ನೋಡಿ ತೀರ್ಮಾನಿಸುವುದಿಲ್ಲ.

ದಾರ ತೋರಿಸಿದ ಕನಿಷ್ಠ ದಾರಿಯಲ್ಲೇ ವಿಮಾನಗಳು ಹಾರುವುದೂ ಇಲ್ಲ. ಮುಖ್ಯವಾದ ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದಾಗ ಚಾಲಕರು ಸುಮಾರು 3,000 ಮೀಟರ್ ಎತ್ತರಕ್ಕೆ ಶೀಘ್ರವಾಗಿ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿನಿಂದ ಇಳಿಬೀಳುವ ಮುಖವಾಡಗಳಲ್ಲಿ ಆಮ್ಲಜನಕ ದೊರೆಯುವುದು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷಗಳವರೆಗೆ ಮಾತ್ರ. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯಲು ಕೆಳಗೆ ಆಕಾಶವೇ ಇಲ್ಲದ ಈ ಪ್ರದೇಶವನ್ನು ವಿಮಾನ ಸಂಸ್ಥೆಗಳು ಬಹುಮಟ್ಟಿಗೆ ಬಳಸಿಕೊಂಡೇ ಹೋಗುತ್ತವೆ. ಹೀಗಾಗಿ ವಿಮಾನವು ನಿಜವಾಗಿ ಕ್ರಮಿಸುವ ದಾರಿ 14,000 ಕಿಲೋಮೀಟರಿಗಿಂತ ಯಾವಾಗಲೂ ಹೆಚ್ಚು. ಎಷ್ಟು ಹೆಚ್ಚು ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ.

ದೂರ ಹೆಚ್ಚು, ಹೊತ್ತು ಕಡಿಮೆ

ದೂರಕ್ಕೂ ಕಾಲಕ್ಕೂ ಇರುವ ಸಂಬಂಧ ಎಷ್ಟು ಸಡಿಲವಾದುದೆಂಬುದಕ್ಕೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಏರ್ ಇಂಡಿಯಾ ಸಂಸ್ಥೆಯು 2015ರ ಡಿಸೆಂಬರ್‌ನಲ್ಲಿ ಈ ಸೇವೆಯನ್ನು ಆರಂಭಿಸಿದಾಗ ವಿಮಾನವು ಪಶ್ಚಿಮಾಭಿಮುಖವಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗುತ್ತಿತ್ತು. ಆ ದಾರಿಯ ಉದ್ದ ಸುಮಾರು 13,900 ಕಿ.ಮೀ.; ಹಿಡಿಯುತ್ತಿದ್ದ ಕಾಲ ಸುಮಾರು ಹದಿನಾರೂವರೆ ಗಂಟೆ. 2016ರ ಅಕ್ಟೋಬರ್‌ನಲ್ಲಿ ಸಂಸ್ಥೆಯು ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಶಾಂತ ಸಾಗರದ ಮೇಲೆ ಕಳುಹಿಸಿತು. ದಾರಿ 15,300 ಕಿಲೋಮೀಟರಿಗೆ ಬೆಳೆಯಿತು. ಪ್ರಯಾಣದ ಅವಧಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಸಾವಿರದ ನಾನೂರು ಕಿಲೋಮೀಟರು ಹೆಚ್ಚಾಗಿ ಹಾರಿ ಎರಡು ಗಂಟೆ ಮುಂಚಿತವಾಗಿ ತಲುಪಿದ ಈ ಹಾರಾಟವು ಅಂದು ಜಗತ್ತಿನ ಅತಿ ದೀರ್ಘ ತಡೆರಹಿತ ವಿಮಾನ ಸಂಚಾರವೆಂಬ ಹೆಗ್ಗಳಿಕೆಗೂ ಪಾತ್ರವಾಯಿತು.

ಇದರ ಹಿಂದಿರುವುದು ಗಾಳಿ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದಲೂ ಸಮಭಾಜಕ ಪ್ರದೇಶ ಹಾಗೂ ಧ್ರುವ ಪ್ರದೇಶಗಳ ತಾಪಮಾನದಲ್ಲಿ ದೊಡ್ಡ ಅಂತರ ಇರುವುದರಿಂದಲೂ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪೂರ್ವಾಭಿಮುಖವಾದ ಪ್ರಬಲ ವಾಯುಪ್ರವಾಹಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಎಂಬುದು ಇವುಗಳ ಹೆಸರು. ಚಳಿಗಾಲದಲ್ಲಿ ಜಪಾನಿನ ಮೇಲ್ಭಾಗದಲ್ಲಿ ಇವು ವಿಶೇಷವಾಗಿ ಬಿರುಸಾಗಿರುತ್ತವೆ. ಲೆಕ್ಕ ಹಾಕುವುದು ಕಷ್ಟವಲ್ಲ. ದೊಡ್ಡ ಜೆಟ್ ವಿಮಾನದ ವೇಗ ನಿಶ್ಚಲ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಎಂದಿಟ್ಟುಕೊಂಡರೆ 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಬೇಕು. ಬೆನ್ನ ಹಿಂದಿನಿಂದ ಗಂಟೆಗೆ 100 ಕಿ.ಮೀ. ವೇಗದ ಗಾಳಿ ಸಿಕ್ಕಿದರೆ ಹದಿನಾಲ್ಕು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಅದೇ ಗಾಳಿ ಎದುರಿನಿಂದ ಬೀಸಿದರೆ ಹದಿನೇಳೂವರೆ ಗಂಟೆ. ಒಂದೇ ವಿಮಾನ, ಒಂದೇ ದೂರ. ವ್ಯತ್ಯಾಸ ಮೂರೂವರೆ ಗಂಟೆ.

ಆದಕಾರಣ ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವಾಗ ಶಾಂತ ಸಾಗರದ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಪೂರ್ವಕ್ಕೆ ಹೋಗುವುದು ಲಾಭಕರ. ಮರಳುವಾಗ ಅದೇ ಗಾಳಿ ಎದುರಾಳಿಯಾಗುವುದರಿಂದ ಉತ್ತರಕ್ಕೆ ಏರಿ, ಗಾಳಿಯ ಬಿರುಸು ಕಡಿಮೆಯಿರುವ ಧ್ರುವ ಪ್ರದೇಶವನ್ನು ಬಳಸಿಕೊಂಡು ಬರುವುದು ಲೇಸು. ಹೋಗುವ ದಾರಿಯೂ ಬರುವ ದಾರಿಯೂ ಬೇರೆ ಬೇರೆ ಎಂಬ ಸಂಗತಿ ಮೊದಲ ಬಾರಿಗೆ ಕೇಳಿದವರಿಗೆ ವಿಚಿತ್ರವೆನಿಸಬಹುದು. ಹಾಯಿ ಹಡಗುಗಳ ಕಾಲದಲ್ಲಿ ಮುಂಗಾರು ಗಾಳಿಯನ್ನು ನಂಬಿ ಮಂಗಳೂರು, ಭಟ್ಕಳಗಳಿಂದ ವ್ಯಾಪಾರ ನಡೆಸಿದವರಿಗೆ ಅದು ದಿನನಿತ್ಯದ ಅರಿವಾಗಿತ್ತು.

ಧ್ರುವದ ದಾರಿ

ಬೆಂಗಳೂರಿನ ಪಾಲಿಗೆ ಈ ಲೆಕ್ಕಾಚಾರ ಕಾಗದದಿಂದ ಆಕಾಶಕ್ಕೆ ಏರಿದ್ದು 2021ರ ಜನವರಿಯಲ್ಲಿ. ಆ ತಿಂಗಳ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777–200 ಎಲ್‌ಆರ್ ವಿಮಾನವು ಉತ್ತರ ಧ್ರುವ ಪ್ರದೇಶದ ಮೇಲಿನಿಂದ ಹಾರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಹಾರಾಟದ ಅವಧಿ ಹದಿನೇಳು ಗಂಟೆಗೂ ಹೆಚ್ಚು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ನಾಲ್ವರು ಮಹಿಳಾ ಚಾಲಕರೇ ವಿಮಾನವನ್ನು ನಡೆಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಅಮೆರಿಕಕ್ಕೂ ದಕ್ಷಿಣ ಭಾರತಕ್ಕೂ ನಡುವೆ ತಡೆರಹಿತ ವಿಮಾನ ಸಂಪರ್ಕ ಏರ್ಪಟ್ಟಿದ್ದು ಅದೇ ಮೊದಲು. ನಾಲ್ವರು ಚಾಲಕರು ಏಕೆ ಎಂಬುದಕ್ಕೂ ಉತ್ತರ ದೂರದಲ್ಲಿಯೇ ಇದೆ: ಇಷ್ಟು ದೀರ್ಘ ಹಾರಾಟದಲ್ಲಿ ಎರಡು ತಂಡಗಳು ಸರದಿಯಂತೆ ಕೆಲಸ ಮಾಡಬೇಕು, ವಿಶ್ರಾಂತಿಗೆ ವಿಮಾನದಲ್ಲಿಯೇ ಮಲಗುವ ವ್ಯವಸ್ಥೆ ಇರಬೇಕು. ಚಾಲಕರ ಸಂಬಳದ ಲೆಕ್ಕ ದ್ವಿಗುಣವಾಗುವುದು ಹೀಗೆ.

ಧ್ರುವದ ದಾರಿ ಅಗ್ಗವೇನೂ ಅಲ್ಲ, ಸುಲಭವೂ ಅಲ್ಲ. ಹೊರಗಿನ ಗಾಳಿಯ ಉಷ್ಣತೆ ಶೂನ್ಯಕ್ಕಿಂತ 60 ಡಿಗ್ರಿಗೂ ಕೆಳಗೆ ಇಳಿಯಬಲ್ಲ ಆ ಪ್ರದೇಶದಲ್ಲಿ ರೆಕ್ಕೆಗಳೊಳಗಿನ ಇಂಧನ ಹೆಪ್ಪುಗಟ್ಟುವ ಭಯವಿರುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ದೊರೆಯುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ ಸೆಲ್ಸಿಯಸ್. ಭಾರತದಲ್ಲಿ ತುಂಬುವ ಜೆಟ್ ಎ–1 ಇಂಧನದ್ದು ಮೈನಸ್ 47. ಈ ಏಳು ಡಿಗ್ರಿಗಳ ಅಂತರ ಚಿಕ್ಕದೆನಿಸಬಹುದು. ಆದರೆ ಧ್ರುವದ ಮೇಲಿನಿಂದ ಬರುವುದು ಮರುಪ್ರಯಾಣದಲ್ಲಿ, ಅಂದರೆ ಅಮೆರಿಕದ ಇಂಧನವನ್ನು ತುಂಬಿಕೊಂಡು. ಇಂಧನದ ಉಷ್ಣತೆ ಮಿತಿಯ ಸಮೀಪಕ್ಕೆ ಬಂದರೆ ಚಾಲಕರು ತುಸು ಬೆಚ್ಚಗಿನ ಕೆಳಗಿನ ಸ್ತರಕ್ಕೆ ಇಳಿಯಬೇಕು, ಇಲ್ಲವೇ ವೇಗವನ್ನು ಹೆಚ್ಚಿಸಬೇಕು. ಎರಡರಲ್ಲಿಯೂ ಇಂಧನ ಹೆಚ್ಚು ಉರಿಯುತ್ತದೆ. ಸೂರ್ಯನಲ್ಲಿ ಸ್ಫೋಟಗಳು ಉಂಟಾದ ದಿನಗಳಲ್ಲಿ ರೇಡಿಯೋ ಸಂಪರ್ಕಕ್ಕೆ ಭಂಗ ಬರುವುದರಿಂದ ಧ್ರುವ ಮಾರ್ಗವನ್ನು ಬಿಟ್ಟು ದಕ್ಷಿಣಕ್ಕೆ ಸರಿಯಬೇಕಾದ ಸಂದರ್ಭವೂ ಬರುತ್ತದೆ.

ತುರ್ತು ಸಮಯದಲ್ಲಿ ಇಳಿಯಲು ಅಲ್ಲಿ ಇರುವ ನಿಲ್ದಾಣಗಳು ಬೆರಳೆಣಿಕೆಯವು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಒಂದು ಎಂಜಿನ್‌ನಲ್ಲಿ ದೋಷ ಕಾಣಿಸಿಕೊಂಡಾಗ ಅದು ರಷ್ಯದ ದೂರಪೂರ್ವದ ಮಗದಾನ್ ಪಟ್ಟಣದಲ್ಲಿ ಇಳಿಯಿತು. ವಿಮಾನದಲ್ಲಿ 216 ಪ್ರಯಾಣಿಕರೂ 16 ಸಿಬ್ಬಂದಿಯೂ ಇದ್ದರು. ಇಷ್ಟು ಮಂದಿಗೆ ಹೋಟೆಲುಗಳಲ್ಲಿ ಸ್ಥಳ ಸಾಲದೆ ತಾತ್ಕಾಲಿಕ ವಸತಿ ಏರ್ಪಡಿಸಬೇಕಾಯಿತು. ಮರುದಿನ ಮುಂಬಯಿಯಿಂದ ಬದಲಿ ವಿಮಾನವನ್ನು ಕಳುಹಿಸಲಾಯಿತು. ಯಾರಿಗೂ ಅಪಾಯವಾಗದಿದ್ದುದು ಸಮಾಧಾನದ ವಿಷಯ. ವ್ಯವಹಾರದ ದೃಷ್ಟಿಯಿಂದ ನೋಡಿದರೆ, ಹದಿನಾರು ಗಂಟೆಯ ಪ್ರಯಾಣವೊಂದು ಎರಡು ದಿನಗಳನ್ನು ನುಂಗಿದ ಪ್ರಸಂಗವದು.

ಇಂಧನವನ್ನು ಹೊರಲು ಇಂಧನ

ರಫ್ತುದಾರರು ಹೆಚ್ಚು ಗಮನ ಕೊಡಬೇಕಾದುದು ತೂಕದ ಲೆಕ್ಕಕ್ಕೆ. ಬೋಯಿಂಗ್ 777–200 ಎಲ್‌ಆರ್ ವಿಮಾನದ ಗರಿಷ್ಠ ಉಡ್ಡಯನ ತೂಕ ಸುಮಾರು 347 ಟನ್. ಅದರ ಟ್ಯಾಂಕುಗಳಲ್ಲಿ 1,81,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತದೆ. ತೂಕದಲ್ಲಿ ಅದು ಸುಮಾರು 145 ಟನ್. ಇದೇ ಮಾದರಿಯ ವಿಮಾನವೊಂದು 2005ರ ನವೆಂಬರ್‌ನಲ್ಲಿ ಹಾಂಕಾಂಗ್‌ನಿಂದ ಪೂರ್ವಾಭಿಮುಖವಾಗಿ ಹೊರಟು ಲಂಡನ್ನಿಗೆ 21,600 ಕಿಲೋಮೀಟರನ್ನು ಎಲ್ಲಿಯೂ ಇಳಿಯದೆ 22 ಗಂಟೆ 42 ನಿಮಿಷಗಳಲ್ಲಿ ಕ್ರಮಿಸಿ ದಾಖಲೆ ನಿರ್ಮಿಸಿತು. ಹಾಗಿದ್ದಲ್ಲಿ 14,000 ಕಿಲೋಮೀಟರು ಯಾವ ಲೆಕ್ಕ ಎಂದು ಕೇಳಬಹುದು. ದಾಖಲೆಯ ಹಾರಾಟದಲ್ಲಿ ಇದ್ದವರು ಕೆಲವೇ ಮಂದಿ. ಮಾರಾಟಕ್ಕಿಟ್ಟ ಆಸನಗಳೂ ಇರಲಿಲ್ಲ, ಸರಕೂ ಇರಲಿಲ್ಲ. ಬೆಂಗಳೂರು ಮಾರ್ಗದ ವಿಮಾನದಲ್ಲಾದರೋ 238 ಆಸನಗಳಿದ್ದವು. ಒಬ್ಬ ಪ್ರಯಾಣಿಕನಿಗೆ ಸಾಮಾನು ಸಹಿತ ನೂರು ಕೆ.ಜಿ. ಎಂದು ಹಿಡಿದರೆ ಆಸನಗಳೆಲ್ಲ ಭರ್ತಿಯಾದಾಗ ಸುಮಾರು 24 ಟನ್ ಆಗುತ್ತದೆ.

ಇಂತಹ ವಿಮಾನ ಗಂಟೆಗೆ ಸರಾಸರಿ 7 ಟನ್ ಇಂಧನವನ್ನು ಉರಿಸುತ್ತದೆ ಎಂದುಕೊಂಡರೆ ಹದಿನಾರು ಹದಿನೇಳು ಗಂಟೆಗೆ 110ರಿಂದ 120 ಟನ್ ಬೇಕು. ಅದರ ಮೇಲೆ ಮೀಸಲು ಇಂಧನ ಬೇರೆ. ಮೊದಲ ಗಂಟೆಗಳಲ್ಲಿ ವಿಮಾನವು ಹೊತ್ತು ಸಾಗುವ ಭಾರದಲ್ಲಿ ದೊಡ್ಡ ಪಾಲು ಕೊನೆಯ ಗಂಟೆಗಳಿಗೆ ಬೇಕಾಗುವ ಇಂಧನವೇ ಆಗಿರುತ್ತದೆ. ಆ ಭಾರವನ್ನು ಹೊರುವುದಕ್ಕೂ ಇಂಧನ ಉರಿಯಬೇಕು. ಹೆಚ್ಚುವರಿಯಾಗಿ ಹೊತ್ತ ಪ್ರತಿ ಟನ್ನಿಗೂ ಗಂಟೆಗೆ ಸುಮಾರು ಶೇ. 3ರಿಂದ 4ರಷ್ಟು ಇಂಧನ ಅಧಿಕವಾಗಿ ವ್ಯಯವಾಗುತ್ತದೆ ಎಂಬುದು ಈ ಉದ್ಯಮದಲ್ಲಿ ರೂಢಿಯಲ್ಲಿರುವ ಲೆಕ್ಕ. ಹದಿನಾರು ಗಂಟೆಯ ಹಾರಾಟದಲ್ಲಿ ಒಂದು ಟನ್ ಸರಕನ್ನು ಹೆಚ್ಚಿಗೆ ಒಯ್ಯಲು ಅರ್ಧ ಟನ್ನಿನಷ್ಟು ಇಂಧನವನ್ನು ಹೆಚ್ಚಿಗೆ ಸುಡಬೇಕಾಗುತ್ತದೆ ಎಂದಾಯಿತು. ದಾರಿಯನ್ನು ಎಂಟೆಂಟು ಗಂಟೆಗಳ ಎರಡು ತುಂಡುಗಳಾಗಿ ಕತ್ತರಿಸಿ ಮಧ್ಯೆ ಇಂಧನ ತುಂಬಿಸಿಕೊಂಡರೆ ಈ ಹೊರೆ ಬಹಳಷ್ಟು ತಗ್ಗುತ್ತದೆ. ತಡೆರಹಿತ ಹಾರಾಟದ ಟಿಕೆಟು ದುಬಾರಿಯಾಗುವುದಕ್ಕೆ ಬೇಡಿಕೆ ಒಂದು ಕಾರಣವಾದರೆ ಇದು ಇನ್ನೊಂದು ಕಾರಣ.

ಗಾಳಿಯೂ ತೂಕವೂ ಒಂದನ್ನೊಂದು ಕೆಣಕುವ ರೀತಿಯನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಎದುರು ಗಾಳಿಯ ವೇಗ ನಿರೀಕ್ಷೆಗಿಂತ ಗಂಟೆಗೆ 30 ಕಿ.ಮೀ. ಹೆಚ್ಚಾಯಿತೆನ್ನಿ. ಗಂಟೆಗೆ 870 ಕಿಲೋಮೀಟರಿನಂತೆ ಸಾಗಬೇಕಾದ ವಿಮಾನ 840ರಂತೆ ಸಾಗಿದರೆ 14,000 ಕಿಲೋಮೀಟರಿಗೆ ಹೆಚ್ಚುವರಿಯಾಗಿ ಅರ್ಧ ಗಂಟೆಗಿಂತ ತುಸು ಅಧಿಕ ಕಾಲ ಬೇಕು. ಅಷ್ಟು ಹೊತ್ತಿಗೆ ಸುಮಾರು 4 ಟನ್ ಇಂಧನ. ಅದು ನಲವತ್ತು ಪ್ರಯಾಣಿಕರ ತೂಕಕ್ಕೆ ಸಮ. ಚಳಿಗಾಲದ ಕೆಲವು ದಿನಗಳಲ್ಲಿ ಟಿಕೆಟಿಗೆ ಬೇಡಿಕೆ ಇದ್ದರೂ ಕೆಲವು ಆಸನಗಳನ್ನು ಖಾಲಿ ಬಿಟ್ಟು ಹಾರಬೇಕಾಗುವುದು, ಕೊನೆಯ ಗಳಿಗೆಯಲ್ಲಿ ಸರಕನ್ನು ಇಳಿಸಿಬಿಡುವುದು ಇಂತಹ ಲೆಕ್ಕದಿಂದಲೇ.

ಇದಕ್ಕೆ ಬೆಂಗಳೂರಿನ ಎತ್ತರವೂ ಸೇರಿಕೊಳ್ಳುತ್ತದೆ. ದೇವನಹಳ್ಳಿಯ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ; ಸ್ಯಾನ್ ಫ್ರಾನ್ಸಿಸ್ಕೊದ್ದು ಕೊಲ್ಲಿಯ ನೀರಿನ ಅಂಚಿನಲ್ಲಿ, ಬಹುತೇಕ ಸಮುದ್ರಮಟ್ಟದಲ್ಲಿಯೇ ಇದೆ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೆ ಎತ್ತುವ ಬಲವೂ ಎಂಜಿನ್‌ಗೆ ನೂಕುವ ಬಲವೂ ತುಸು ಕುಗ್ಗುತ್ತವೆ. ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನಷ್ಟು ಕುಗ್ಗುತ್ತವೆ. ಬೆಂಗಳೂರಿನ ಹವೆ ಜಗತ್ಪ್ರಸಿದ್ಧವಾದುದೇ ಸರಿ. ಇಂಧನ ತುಂಬಿದ ಭಾರೀ ವಿಮಾನಕ್ಕೆ ಮಾತ್ರ ಕರಾವಳಿಯೇ ಹಿತ.

ಸಿಂಗಪುರವು ಈ ತೂಕದ ಸಮಸ್ಯೆಯನ್ನು ಬಿಡಿಸಿಕೊಂಡ ಬಗೆ ಅಧ್ಯಯನಯೋಗ್ಯವಾಗಿದೆ. ಸಿಂಗಪುರ್ ಏರ್‌ಲೈನ್ಸ್ 2004ರಲ್ಲಿ ನ್ಯೂಯಾರ್ಕ್ ಸಮೀಪದ ನೆವಾರ್ಕ್‌ಗೆ ನಾಲ್ಕು ಎಂಜಿನ್‌ಗಳ ಏರ್‌ಬಸ್ ಎ340–500 ವಿಮಾನದಿಂದ ತಡೆರಹಿತ ಸೇವೆ ಆರಂಭಿಸಿತು. ಆರಂಭದಲ್ಲಿ 181 ಆಸನಗಳಿದ್ದವು. 2008ರಲ್ಲಿ ಅವನ್ನು ನೂರಕ್ಕೆ ಇಳಿಸಿ ಎಲ್ಲವನ್ನೂ ಬಿಸಿನೆಸ್ ದರ್ಜೆಗೆ ಮಾರ್ಪಡಿಸಲಾಯಿತು. ಆದರೂ ಇಂಧನದ ವೆಚ್ಚದೆದುರು ಸೇವೆ ನಿಲ್ಲದೆ 2013ರಲ್ಲಿ ಕೊನೆಗೊಂಡಿತು. ಐದು ವರ್ಷಗಳ ನಂತರ, 2018ರ ಅಕ್ಟೋಬರ್‌ನಲ್ಲಿ, ಎರಡೇ ಎಂಜಿನ್‌ಗಳ ಎ350–900 ಯುಎಲ್‌ಆರ್ ವಿಮಾನ ಬಂದ ಮೇಲೆ ಅದು ಪುನರಾರಂಭವಾಯಿತು. ಅದರಲ್ಲಿಯೂ ಕೇವಲ 161 ಆಸನಗಳು: 67 ಬಿಸಿನೆಸ್ ದರ್ಜೆಯವು, 94 ಪ್ರೀಮಿಯಂ ಇಕಾನಮಿಯವು. ಸಾಮಾನ್ಯ ದರ್ಜೆ ಇಲ್ಲವೇ ಇಲ್ಲ. ಮುಂಭಾಗದ ಸರಕು ಕೋಣೆಯನ್ನೂ ಬಳಕೆಯಿಂದ ಕೈಬಿಡಲಾಯಿತು. 2020ರಲ್ಲಿ ಆರಂಭವಾದ ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದ ಸೇವೆಯ ದೂರ ಸುಮಾರು 15,350 ಕಿ.ಮೀ. ಕಾಲದ ಬೆಲೆಯನ್ನು ಕೊಡಬಲ್ಲವರಿಗೆ ಮಾತ್ರ ಕಾಲವನ್ನು ಮಾರುವ ವ್ಯಾಪಾರವಿದು. ಬೆಂಗಳೂರಿನ ವಿಮಾನವಾದರೋ ಸಾಫ್ಟ್‌ವೇರ್ ಸಂಸ್ಥೆಯ ಅಧಿಕಾರಿಯನ್ನೂ, ಮೊಮ್ಮಕ್ಕಳನ್ನು ನೋಡಲು ಹೊರಟ ಜಯನಗರದ ಹಿರಿಯರನ್ನೂ ಒಟ್ಟಿಗೆ ಕರೆದೊಯ್ಯಬೇಕಾಗಿತ್ತು. ಅದರ ಬಹುಪಾಲು ಆಸನಗಳು, ಎಂದರೆ 195, ಸಾಮಾನ್ಯ ದರ್ಜೆಯವು. ಸಿಂಗಪುರದ ಸೂತ್ರವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲಾಗದು.

ಆಕಾಶದ ಬೇಲಿಗಳು

ಗಾಳಿಯನ್ನು ಮುಂಗಾಣಬಹುದು, ತೂಕವನ್ನು ಅಳೆಯಬಹುದು. ಅನುಮತಿಯ ವಿಷಯದಲ್ಲಿ ಮುನ್ಸೂಚನೆ ದೊರೆಯುವುದು ಅಪರೂಪ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಆಕಾಶ ಬಹುತೇಕ ಮುಚ್ಚಿದ್ದುದರಿಂದ ಯೂರೋಪಿನಿಂದ ಜಪಾನಿಗೆ ಹೋಗುವ ವಿಮಾನಗಳು ಅಲಾಸ್ಕದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿದ್ದವು. ಒಕ್ಕೂಟ ಒಡೆದ ಮೇಲೆ ಧ್ರುವದ ಮೇಲಿನ ಮಾರ್ಗಗಳು ಕ್ರಮೇಣ ತೆರೆದುಕೊಂಡವು. ಏಷ್ಯಾ–ಅಮೆರಿಕ ನಡುವಣ ಅತಿ ದೀರ್ಘ ಸೇವೆಗಳಲ್ಲಿ ಹಲವು ನಿಂತಿದ್ದು ಈ ತೆರೆದ ಆಕಾಶದ ಮೇಲೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ನಂತರ ಪಾಶ್ಚಾತ್ಯ ರಾಷ್ಟ್ರಗಳು ರಷ್ಯದ ವಿಮಾನಗಳಿಗೂ, ರಷ್ಯವು ಆ ರಾಷ್ಟ್ರಗಳ ವಿಮಾನಗಳಿಗೂ ತಮ್ಮ ತಮ್ಮ ವಾಯುಪ್ರದೇಶವನ್ನು ಮುಚ್ಚಿದವು. ಇದರ ಪರಿಣಾಮ ಬೆಂಗಳೂರಿಗೂ ತಟ್ಟಿತು. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೊದಿಂದಲೂ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದಲೂ ಬೆಂಗಳೂರಿಗೆ ತಡೆರಹಿತ ಸೇವೆ ಆರಂಭಿಸುವುದಾಗಿ 2020ರಲ್ಲಿಯೇ ಘೋಷಿಸಿದ್ದವು. ಕೋವಿಡ್ ಪಿಡುಗಿನಿಂದ ಮುಂದೂಡಲ್ಪಟ್ಟಿದ್ದ ಈ ಯೋಜನೆಗಳಿಗೆ ರಷ್ಯದ ಆಕಾಶ ಮುಚ್ಚಿದ ಮೇಲೆ ಚಾಲನೆ ದೊರೆಯಲೇ ಇಲ್ಲ. ಸಿಯಾಟಲ್ ಆಗಲಿ ಸ್ಯಾನ್ ಫ್ರಾನ್ಸಿಸ್ಕೊ ಆಗಲಿ ಬೆಂಗಳೂರಿನಿಂದ ಒಂದಿನಿತೂ ದೂರ ಸರಿದಿರಲಿಲ್ಲ. ಭಾರತದ ಸಂಸ್ಥೆಗಳಿಗೆ ಈ ನಿರ್ಬಂಧ ಅನ್ವಯಿಸದ ಕಾರಣ ಏರ್ ಇಂಡಿಯಾಕ್ಕೆ ಅಮೆರಿಕದ ಪ್ರತಿಸ್ಪರ್ಧಿಗಳೆದುರು ಒಂದು ಅನುಕೂಲ ಒದಗಿತು. 2022ರಲ್ಲಿ ಕೆಲಕಾಲ ನಿಂತಿದ್ದ ಬೆಂಗಳೂರು ಸೇವೆಯನ್ನು ಸಂಸ್ಥೆಯು ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಆರಂಭಿಸಿತು. ಆ ವೇಳೆಗಾಗಲೇ ಸಂಸ್ಥೆ ಸರಕಾರದ ಕೈಯಿಂದ ಟಾಟಾ ಸಮೂಹಕ್ಕೆ ಮರಳಿತ್ತು.

ಆದರೆ ಅನುಕೂಲವೂ ಸ್ಥಿರವಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ದಾರಿಗಳು ಒಮ್ಮೆಗೇ ಉದ್ದವಾದವು. ಅಮೆರಿಕ, ಕೆನಡಗಳಿಗೆ ತಡೆಯಿಲ್ಲದೆ ಹಾರುತ್ತಿದ್ದ ದೆಹಲಿಯ ವಿಮಾನಗಳಲ್ಲಿ ಕೆಲವು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿಯಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮುಂಬಯಿಗೆ ಬರುವ ವಿಮಾನ ಕೋಲ್ಕತ್ತದಲ್ಲಿ ಇಳಿದು ಬರುತ್ತಿತ್ತು. ಪಾಕಿಸ್ತಾನದಿಂದ ಸಾವಿರಾರು ಕಿಲೋಮೀಟರ್ ದೂರದ ಊರುಗಳ ನಡುವಣ ವ್ಯಾಪಾರಕ್ಕೂ ಅಲ್ಲಿನ ಒಂದು ಆದೇಶದಿಂದ ಗಂಟೆಗಟ್ಟಲೆ ಹೊತ್ತು ಹೆಚ್ಚಾಯಿತು.

ನೆಲದ ಮೇಲೆ ಕಳೆಯುವ ಹೊತ್ತು

ಹಾಗಾದರೆ ಒಂದು ನಿಲುಗಡೆಯ ಪ್ರಯಾಣವೇ ಲೇಸೆ? ದೂರಗಳನ್ನು ಕೂಡಿ ನೋಡಿದರೆ ಅಚ್ಚರಿಯ ಫಲಿತಾಂಶ ದೊರೆಯುತ್ತದೆ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಎರಡು ಹಾರಾಟಗಳ ಒಟ್ಟು ಕನಿಷ್ಠ ದೂರ ಸುಮಾರು 16,550 ಕಿ.ಮೀ.; ದುಬೈ ಮೂಲಕ ಸುಮಾರು 15,700; ಹಾಂಕಾಂಗ್ ಮೂಲಕ ಸುಮಾರು 15,070. ದೆಹಲಿಯ ಮೂಲಕ ಹೋದರೆ ಅದು 14,100 ಕಿಲೋಮೀಟರನ್ನು ಮೀರುವುದಿಲ್ಲ, ಏಕೆಂದರೆ ದೆಹಲಿ ಇರುವುದು ಬೆಂಗಳೂರಿನಿಂದ ಬಹುತೇಕ ನೇರ ಉತ್ತರಕ್ಕೆ. ನೂರು ಕಿಲೋಮೀಟರು ಹೆಚ್ಚಾದರೆ ವಿಮಾನಕ್ಕೆ ಏಳು ನಿಮಿಷದ ಕೆಲಸ. ದೆಹಲಿಯ ಮೂಲಕ ಹೋಗುವವರಿಗೆ ನಷ್ಟವಾಗುವುದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ: ಭದ್ರತಾ ತಪಾಸಣೆಯ ಸಾಲು, ವಲಸೆ ಕೌಂಟರು, ಮುಂದಿನ ವಿಮಾನಕ್ಕಾಗಿ ಕಾಯುವಿಕೆ. ಮರಳುವಾಗ ದೇಶದ ಮೊದಲ ನಿಲ್ದಾಣದಲ್ಲಿಯೇ ಸಾಮಾನ್ಯವಾಗಿ ಸಾಮಾನನ್ನು ಪಡೆದು, ಸುಂಕದವರನ್ನು ದಾಟಿ, ಮತ್ತೆ ಒಪ್ಪಿಸಬೇಕು. ಮೂರು ನಾಲ್ಕು ಗಂಟೆಗಳು ಹೀಗೆ ಕರಗುತ್ತವೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಈ ವ್ಯವಸ್ಥೆಗಳನ್ನು ಚುರುಕುಗೊಳಿಸಿದರೆ ದೊರೆಯುವ ಉಳಿತಾಯವು ಹೊಸ ವಿಮಾನ ಕೊಂಡು ಪಡೆಯುವ ಉಳಿತಾಯಕ್ಕೆ ಕಡಿಮೆಯೇನಲ್ಲ. ವಾಣಿಜ್ಯ ಸಂಸ್ಥೆಗಳು ಸರಕಾರದ ಮುಂದೆ ಮಂಡಿಸುವ ಬೇಡಿಕೆಗಳಲ್ಲಿ ತಡೆರಹಿತ ಸೇವೆಗೆ ಸಿಗುವ ಸ್ಥಾನ ಈ ಸಾಧಾರಣ ವಿಷಯಕ್ಕೆ ಸಿಗದಿರುವುದು ಸರಿಯಲ್ಲ.

ಸರಕಿನ ವಿಷಯವೇ ಬೇರೆ. ದೊಡ್ಡಬಳ್ಳಾಪುರದ ಹಸಿರುಮನೆಯ ಗುಲಾಬಿಗಾಗಲಿ, ಪೀಣ್ಯದ ಕಾರ್ಖಾನೆಯ ಯಂತ್ರಭಾಗಕ್ಕಾಗಲಿ ತಡೆರಹಿತ ವಿಮಾನದಿಂದ ದೊಡ್ಡ ಲಾಭವಿಲ್ಲ. ಇಂಧನಕ್ಕೆ ಜಾಗ ಬಿಟ್ಟುಕೊಟ್ಟ ಮೇಲೆ ಅದರಲ್ಲಿ ಉಳಿಯುವ ಸರಕಿನ ಪ್ರಮಾಣ ಚಿಕ್ಕದು, ಗಾಳಿಯ ಮರ್ಜಿಗೆ ಸಿಕ್ಕಿದ್ದು. ನಿಗದಿತ ದಿನಕ್ಕೆ ಮಾಲು ತಲುಪಲೇಬೇಕೆಂಬ ಕರಾರು ಇರುವವರು ಕೊಲ್ಲಿ ರಾಷ್ಟ್ರಗಳ ಅಥವಾ ಹಾಂಕಾಂಗ್‌ನ ಮೂಲಕ ಹೋಗುವ ಸರಕು ವಿಮಾನಗಳನ್ನು ಅವಲಂಬಿಸುವುದೇ ವಾಸಿ. ಅಲ್ಲಿ ಕಾಯುವ ಕಾಲವನ್ನು ಫಾರ್ವರ್ಡರ್ ಬಳಿ ಮೊದಲೇ ಕೇಳಿ ತಿಳಿದುಕೊಂಡಿರಬೇಕು. ತಂಪಿನಲ್ಲಿಯೇ ಇಡಬೇಕಾದ ಮಾಲಿಗೆ ಹಾರಾಟದ ಹದಿನಾರು ಗಂಟೆಗಿಂತ ಬಿಸಿಲಿನ ಅಂಗಳದಲ್ಲಿ ನಿಂತ ಎರಡು ಗಂಟೆ ಹೆಚ್ಚು ಅಪಾಯಕಾರಿ.

ವೇಳಾಪಟ್ಟಿಯನ್ನು ಓದುವ ಬಗೆ

ಕೊನೆಯದಾಗಿ ಟಿಕೆಟಿನ ವಿಷಯ. ವಿಮಾನ ಸಂಸ್ಥೆಗಳ ಪರಿಭಾಷೆಯಲ್ಲಿ ನಾನ್‌ಸ್ಟಾಪ್ ಎಂದರೆ ಎಲ್ಲಿಯೂ ಇಳಿಯದ ವಿಮಾನ. ಡೈರೆಕ್ಟ್ ಎಂದರೆ ಒಂದೇ ಸಂಖ್ಯೆಯ ವಿಮಾನ, ಅದು ಮಧ್ಯೆ ಇಳಿಯಲೂಬಹುದು. ಕನ್ನಡದಲ್ಲಿ ಎರಡಕ್ಕೂ ನೇರ ವಿಮಾನ ಎಂದು ಹೇಳುವ ರೂಢಿಯಿರುವುದರಿಂದ ಗೊಂದಲವಾಗುತ್ತದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಸೇವೆಯು ಈ ಹಿಂದೆಯೂ ನಿಂತು ನಡೆದು ಬಂದುದಾದ್ದರಿಂದ, ಪ್ರಯಾಣ ಏಜೆಂಟರ ಬಾಯಿಮಾತಿಗೆ ತೃಪ್ತರಾಗದೆ ಟಿಕೆಟಿನಲ್ಲಿ ನಿಲುಗಡೆಗಳ ಸಂಖ್ಯೆಯ ಅಂಕಣವನ್ನೂ ಒಟ್ಟು ಪ್ರಯಾಣದ ಅವಧಿಯನ್ನೂ ಪರಿಶೀಲಿಸುವುದು ಅಗತ್ಯ. ವೇಳಾಪಟ್ಟಿಯಲ್ಲಿ ಮುದ್ರಿಸುವ ಅವಧಿಯು ಟರ್ಮಿನಲ್ ಬಿಟ್ಟ ಗಳಿಗೆಯಿಂದ ಟರ್ಮಿನಲ್ ಸೇರಿದ ಗಳಿಗೆಯವರೆಗಿನದು. ರನ್‌ವೇಗೆ ಸಾಗುವ ಹೊತ್ತೂ ಅದರಲ್ಲಿ ಸೇರಿರುತ್ತದೆ.

ಗಡಿಯಾರದ ಲೆಕ್ಕವನ್ನೂ ಮರೆಯಬಾರದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಧ್ಯಾಹ್ನ ಎರಡೂವರೆಗೆ ಬೆಂಗಳೂರನ್ನು ಬಿಟ್ಟು ಹದಿನಾರು ಗಂಟೆ ಹಾರಿದವರು ಅಲ್ಲಿ ಇಳಿಯುವುದು ಅದೇ ದಿನ ಸಂಜೆ ಐದಕ್ಕೆ. ಮರಳುವಾಗ ಶನಿವಾರ ರಾತ್ರಿ ಎಂಟೂವರೆಗೆ ಹೊರಟವರು ಹದಿನೇಳೂವರೆ ಗಂಟೆ ಹಾರಿ ಸೋಮವಾರ ನಸುಕಿನಲ್ಲಿ ಊರು ಸೇರುತ್ತಾರೆ. ಭಾನುವಾರವೆಂಬುದು ಅವರ ಪಾಲಿಗೆ ಆಕಾಶದಲ್ಲಿಯೇ ಕಳೆದುಹೋಗಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲನೆಯ ಭಾನುವಾರದವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಆ ಎರಡು ಭಾನುವಾರಗಳ ಆಸುಪಾಸಿನಲ್ಲಿ ಪ್ರಯಾಣವನ್ನಾಗಲಿ ದೂರವಾಣಿ ಸಭೆಯನ್ನಾಗಲಿ ನಿಗದಿಪಡಿಸುವವರು ಒಂದು ಗಂಟೆಯ ವ್ಯತ್ಯಾಸವನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.